ಬಾವಿಗೆ ಬಿದ್ದ ಬಿಳಿ ಪುಡಿ

"ಬಾವಿ ಮುಚ್ಚಳ ತೆಗೆಸಿ," ಎಂದಳು ಸುಚಿತ್ರಾ.

"ತೆಗೆಸೋಣ ಮೇಡಂ. ಮೊದಲು ಒಂದು ಲೋಟ ಕಾಫಿ ಕುಡೀರಿ. ಎಂತ ಅವಸರ?" ಗಣೇಶಮೂರ್ತಿ ನಕ್ಕ.

ಸುಮುಹೂರ್ತ ಕಲ್ಯಾಣ ಮಂಟಪದ ಯಜಮಾನನ ಬಳಿ ಇದ್ದದ್ದು ಅದೊಂದೇ ನಗು. ಮದುವೆಗೆ ಬಂದ ಬೀಗರಿಗೂ ಅದೇ, ತಪಾಸಣೆಗೆ ಬಂದ ಪಂಚಾಯಿತಿಯವರಿಗೂ ಅದೇ. ಹೊಳೆಕೊಪ್ಪ ಪಟ್ಟಣ ಪಂಚಾಯಿತಿಯ ಆರೋಗ್ಯ ನಿರೀಕ್ಷಕಿಯಾಗಿ ಸುಚಿತ್ರಾ ಊರಿನ ಎಲ್ಲ ಅಡುಗೆಮನೆಗಳನ್ನೂ ಹೊಕ್ಕು ಬಂದವಳು. ಯಜಮಾನನ ನಗು ಎಷ್ಟು ಅಗಲವೋ ಒಲೆ ಹಿಂದೆ ಜಿರಲೆ ಅಷ್ಟು ಹೆಚ್ಚು ಎಂಬುದು ಅವಳ ಅನುಭವ.

"ನಿಮ್ಮ ಕಾಫಿಗೆ ನೀರು ಎಲ್ಲಿಂದ ಬಂತು ಅಂತ ನೋಡೋಕೇ ನಾನು ಬಂದಿರೋದು. ಮುಚ್ಚಳ ತೆಗೆಸಿ."

ನೀರು ಪರೀಕ್ಷೆಯ ಕಿಟ್ಟಿನ ಪೆಟ್ಟಿಗೆ ಹಿಡಿದು ಹಿಂದೆ ನಿಂತಿದ್ದ ಜಯಪ್ಪನವರು ತಾವೇ ಮುಂದೆ ಬಂದು ತಗಡಿನ ಮುಚ್ಚಳಕ್ಕೆ ಕೈ ಹಾಕಿದರು. ಪಂಚಾಯಿತಿಯ ಪೌರಕಾರ್ಮಿಕರ ದಫೇದಾರ್. ನಿವೃತ್ತಿಗೆ ಹತ್ತಿರ ಬಂದವರು. ಇಡೀ ಕಚೇರಿಯಲ್ಲಿ ಸುಚಿತ್ರಾ ಮೂಗು ಮುರಿಯದೆ ಮಾತನಾಡಿಸುತ್ತಿದ್ದುದು ಅವರೊಬ್ಬರನ್ನೇ. ಇವತ್ತು ಖಾಕಿಯ ಬದಲು ಹೊಸ ಚೌಕಳಿ ಅಂಗಿ ತೊಟ್ಟಿದ್ದರು, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.

"ಏನು ಜಯಪ್ಪ, ಮದುವೆ ಗಂಡಿನ ಥರ ಬಂದಿದ್ದೀರಿ?"

"ಖಾಕಿ ಒಗ್ಯಕ್ ಹಾಕೀನಿ ಮೇಡಂ," ಎಂದರು ಜಯಪ್ಪನವರು, ಸ್ವಲ್ಪ ನಾಚಿಕೊಂಡು.

ಮುಚ್ಚಳ ಸರಿಯಿತು. ನೀರು ಆಳದಲ್ಲಿ ಕಪ್ಪಗೆ ಕಂಡಿತು. ಆಸ್ಪತ್ರೆಯ ವರಾಂಡದ ವಾಸನೆ ಸಣ್ಣಗೆ ಮೂಗಿಗೆ ತಗುಲಿತು.

ನೀರುಗಂಟಿ ಗುತ್ಯಪ್ಪನ ಹೆಣ ಸೋಮವಾರ ಹೊಳೆಯಲ್ಲಿ ಸಿಕ್ಕಿದ ಮೇಲೆ ಊರು ತನ್ನ ತೀರ್ಪು ಕೊಟ್ಟಾಗಿತ್ತು. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕದೆ ಊರಿಗೆಲ್ಲ ಕಾಮಾಲೆ ಹಬ್ಬಿಸಿದವನು ಅವನೇ, ಕುಡುಕ, ಕೊನೆಗೆ ಹೆದರಿ ಹೊಳೆ ಹಾರಿದ. ಇಷ್ಟೇ ಕಥೆ. ಹೇಳಿಕೊಳ್ಳಲು ಸುಲಭ, ನಂಬಲು ಇನ್ನೂ ಸುಲಭ. ಅವನ ಹೆಂಡತಿ ಕೆರಿಯಮ್ಮ ಕೊಡ ಹಿಡಿದು ಬಂದರೆ ಬೀದಿ ನಲ್ಲಿಯ ಸಾಲು ಹಿಂದೆ ಸರಿಯುತ್ತಿತ್ತು. ಮೊನ್ನೆ ಮೊನ್ನೆಯವರೆಗೆ ಅವಳ ಗಂಡ ಬಿಟ್ಟ ನೀರನ್ನೇ ಕುಡಿದ ಜನ.

ಇವತ್ತು ಮಧ್ಯಾಹ್ನದ ಸಭೆಯಲ್ಲಿ ಅದನ್ನೇ ಠರಾವು ಮಾಡಿ ಕೈ ತೊಳೆದುಕೊಳ್ಳಲು ಮುಖ್ಯಾಧಿಕಾರಿ ಹೇರಂಬ ತಯಾರಾಗಿ ಕೂತಿದ್ದ. ಹೇರಂಬನಿಗೆ ಸಾರ್ವಜನಿಕ ಆರೋಗ್ಯವೆಂದರೆ ರಸ್ತೆಯಂಚಿನ ಬಿಳಿ ಗೆರೆ. ಮಂತ್ರಿ ಬಂದರೆ ಗೆರೆ, ಡೆಂಗಿ ಬಂದರೆ ಗೆರೆ, ಸ್ವಾತಂತ್ರ್ಯ ದಿನಾಚರಣೆಗೂ ಗೆರೆ. ಸೊಳ್ಳೆಗಳು ಆ ಗೆರೆಯನ್ನು ದಾಟುವುದಿಲ್ಲವೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ.

ಸುಚಿತ್ರಾ ಮಾತ್ರ ಹೊಳೆ ದಂಡೆಯಲ್ಲಿ ಗುತ್ಯಪ್ಪನ ಖಾಕಿ ಅಂಗಿಯನ್ನು ನೋಡಿದ್ದಳು. ಹೆಗಲಿಂದ ಬೆನ್ನಿನವರೆಗೆ ಬಟ್ಟೆಯ ಬಣ್ಣ ಮಚ್ಚೆಮಚ್ಚೆಯಾಗಿ ಹಾರಿಹೋಗಿತ್ತು. ಹೊಳೆಯ ನೀರು ಖಾಕಿಯ ಬಣ್ಣ ತೆಗೆಯುವುದಿಲ್ಲ. ಬ್ಲೀಚಿಂಗ್ ಪೌಡರ್ ತೆಗೆಯುತ್ತದೆ. ಅಂದರೆ ಅವನು ಸತ್ತದ್ದು ಹೊಳೆಯಲ್ಲಲ್ಲ, ಯಾರೋ ಪುಡಿ ಸುರಿದ ನೀರಿನಲ್ಲಿ.

ಹೊಸನಗರದ ಇನ್ಸ್‌ಪೆಕ್ಟರ್ ಅವಳ ಮಾತನ್ನು ತಾಳ್ಮೆಯಿಂದಲೇ ಕೇಳಿದ್ದರು. "ಅಂಗಿ ಒಂದೇ ಸಾಲಲ್ಲ ಮೇಡಂ, ಬಾಯಿಬಿಟ್ಟು ಹೇಳೋರನ್ನ ಕರೆತನ್ನಿ," ಎಂದಿದ್ದರು.

ಹೇಳುವವರು ನಿನ್ನೆ ಸಂಜೆ ಸಿಕ್ಕಿದ್ದರು. ಬಸ್ತಿಕೇರಿಯ ಪ್ರಭಾವತಮ್ಮ.

ಸುಚಿತ್ರಾ ಕಿಟ್ಟಿನ ಪೆಟ್ಟಿಗೆ ಬಿಚ್ಚಿದಳು. ಗಾಜಿನ ನಳಿಕೆಗಳಿದ್ದವು, ಬಣ್ಣದ ಪಟ್ಟಿ ಇತ್ತು. ಕ್ಲೋರಿನ್ ನೋಡುವ ಹನಿ ಔಷಧಿಯ ಬಾಟಲಿಯೇ ಇರಲಿಲ್ಲ.

"ಥೋ, ಆಫೀಸಲ್ಲೇ ಉಳೀತು ಕಾಣ್ತದೆ," ಎಂದರು ಜಯಪ್ಪನವರು. "ತಗಂಬರ್ಲಾ ಮೇಡಂ?"

ಅವಳ ಕೈಚೀಲದಲ್ಲಿ ಇನ್ನೊಂದು ಬಾಟಲಿ ಇತ್ತು. ಸರ್ಕಾರಿ ಕಿಟ್ಟನ್ನು ನಂಬಬಾರದೆಂಬ ಪಾಠವನ್ನು ಕೆಲಸಕ್ಕೆ ಸೇರಿದ ಹೊಸತರಲ್ಲೇ ಕಲಿತಿದ್ದಳು. ಆದರೆ ಗಣೇಶಮೂರ್ತಿಯ ಮುಖ ಸಡಿಲವಾದದ್ದನ್ನು ಕಂಡು ಅದರ ಸುದ್ದಿ ಎತ್ತಲಿಲ್ಲ. ಪರೀಕ್ಷೆ ತಪ್ಪಿತು ಎಂದು ಅವನು ಸ್ವಲ್ಪ ಹೊತ್ತು ಹಾಯಾಗಿರಲಿ.

"ಬೇಡ ಬಿಡಿ. ನೀವು ಗಾಡಿ ತಗೊಂಡು ಪ್ರಭಾವತಮ್ಮನ ಮನೆಗೆ ಹೋಗಿ. ಅವರನ್ನ ಸೀದಾ ಹೊಸನಗರ ಸ್ಟೇಷನ್ನಿಗೆ ಬಿಡಿ, ಇನ್ಸ್‌ಪೆಕ್ಟರ್ ಕಾಯ್ತಿದ್ದಾರೆ. ಬೇರೆ ಯಾರನ್ನೂ ಕಳಿಸೋಕೆ ನನಗೆ ಮನಸ್ಸಿಲ್ಲ. ಈ ಊರಲ್ಲಿ ಯಾರ ಕೈಲಿ ಯಾರ ಎಂಜಲಿದೆ ಅಂತ ಗೊತ್ತಾಗಲ್ಲ."

"ಆತು ಮೇಡಂ. ಹುಷಾರಾಗಿ ಕರ್ಕಂಡ್ ಹೋಗ್ತೀನಿ," ಎಂದು ಜಯಪ್ಪನವರು ಹೊರಟರು. ಜೀಪಿನ ಸದ್ದು ಮಂಟಪದ ಮುಂದಿನ ತಿರುವಿನಲ್ಲಿ ಅಡಗಿತು.

ಗಣೇಶಮೂರ್ತಿ ಈಗ ಕುರ್ಚಿ ಎಳೆದುಕೊಂಡು ಕೂತ.

"ಮೇಡಂ, ಸುಮ್ನೆ ಎಂತಕ್ಕೆ ತಲೆ ಕೆಡಿಸ್ಕೊಳ್ತೀರಿ? ಈ ಬಾವಿಗೆ ಪೌಡರ್ ಹಾಕಿದ್ದು ನಿಜ. ಭಾನುವಾರದ ಮದುವೆಗೆ ಒಂದು ವಾರ ಮೊದಲೇ ಹಾಕಿದ್ದು. ಗುತ್ಯಪ್ಪನೇ ಬಂದು ಹಾಕಿ ಹೋಗಿದ್ದ, ಪಾಪ. ನಿಮ್ಮದೇ ಪಂಚಾಯ್ತಿ ಪೌಡರ್."

"ನಮ್ಮ ಪಂಚಾಯ್ತಿ ಪೌಡರ್?"

"ಮತ್ತಿನ್ನೆಂತದ್ದು?"

ಸುಚಿತ್ರಾಗೆ ನಗು ಬಂತು. ಒಳ್ಳೆಯ ನಗುವಲ್ಲ. ಕೈಚೀಲದಿಂದ ಒಂದು ಕಾಗದದ ಪೊಟ್ಟಣ ತೆಗೆದು ಬಾವಿಕಟ್ಟೆಯ ಮೇಲಿಟ್ಟಳು.

"ಇದೇ ಅದು. ಬೆಳಿಗ್ಗೆ ಗೋದಾಮಿನಿಂದ ತಂದೆ. ಮೂಸಿ ನೋಡಿ."

ಗಣೇಶಮೂರ್ತಿ ಮೂಸಿದ. ಅವನ ಮುಖದಲ್ಲಿ ಏನೂ ಆಗಲಿಲ್ಲ.

"ಕಣ್ಣಲ್ಲಿ ನೀರು ಬರಬೇಕಿತ್ತು. ಬರಲಿಲ್ಲ ಅಲ್ವಾ? ಚೀಲದ ಬಾಯಿ ಬಿಚ್ಚಿ ತೇವದ ನೆಲದ ಮೇಲೆ ವರ್ಷಗಟ್ಟಲೆ ಇಟ್ಟರೆ ಪೌಡರ್ ಸಾಯ್ತದೆ ಅಂತ ಹೇರಂಬ ಸಾಹೇಬರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಇದು ಸುಣ್ಣ. ಗೆರೆ ಎಳೆಯೋಕೆ ಲಾಯಕ್ಕು."

ಕುಡಿಯುವ ನೀರಿನ ಬಾಟಲಿಯಿಂದ ಒಂದು ನಳಿಕೆಗೆ ನೀರು ಹಾಕಿ, ಚಿಟಿಕೆ ಪುಡಿ ಕದಡಿದಳು. ಆಮೇಲೆ ಕೈಚೀಲದ ಒಳಜೇಬಿನಿಂದ ಆ ಸಣ್ಣ ಬಾಟಲಿ ತೆಗೆದಳು. ಅದನ್ನು ಕಂಡದ್ದೇ ಗಣೇಶಮೂರ್ತಿ ಬೆನ್ನು ನೆಟ್ಟಗೆ ಮಾಡಿ ಕೂತ.

"ಔಷಧಿ ಇಲ್ಲ ಅಂದ್ರಲ್ಲ?"

"ಪೆಟ್ಟಿಗೇಲಿ ಇರಲಿಲ್ಲ. ಇಲ್ಲ ಅಂತ ನಾನೆಲ್ಲಿ ಹೇಳ್ದೆ?"

ಹನಿ ಬಿದ್ದಿತು. ನೀರು ಮಬ್ಬಾಗಿ ಬೆಳ್ಳಗೇ ಉಳಿಯಿತು. ಜೀವವಿದ್ದ ಪುಡಿಯಾಗಿದ್ದರೆ ಹಳದಿ ತಿರುಗಬೇಕಿತ್ತು. ಅವಳು ಹಗ್ಗದ ಬಕೀಟನ್ನು ಬಾವಿಗೆ ಇಳಿಸಿ, ಮೇಲೆಳೆದು, ಇನ್ನೊಂದು ನಳಿಕೆ ತುಂಬಿದಳು. ಮತ್ತೆ ಹನಿ. ಈ ಸಲ ಬಣ್ಣ ಹಳದಿಯಲ್ಲಿ ನಿಲ್ಲದೆ ಮಾಗಿದ ಅಡಿಕೆಯ ಹಾಗೆ ಕೆಂಪಡರಿತು. ಮದುವೆ ದಿನದಿಂದ ಯಾರೂ ಸೇದದೆ, ಬಿಸಿಲೂ ತಾಗದೆ ಮುಚ್ಚಿಟ್ಟ ನೀರು. ಸುರಿದದ್ದೆಲ್ಲ ಇನ್ನೂ ಅದರಲ್ಲೇ ಇತ್ತು.

"ನಮ್ಮ ಗೋದಾಮಿನ ಪೌಡರ್ ಲಾರಿಗಟ್ಟಲೆ ಸುರಿದರೂ ಈ ಬಣ್ಣ ಬರಲ್ಲ. ಗುತ್ಯಪ್ಪನ ಹತ್ರ ಇದ್ದದ್ದು ಅದೇ ಸತ್ತ ಪುಡಿ. ಹಾಗಾದ್ರೆ ಇಲ್ಲಿ ಹಾಕಿದ್ದು ಯಾರು?"

"ಎಲ್ಲಿಂದ ತಂದಿದ್ನೋ ನಂಗೆಂತ ಗೊತ್ತು? ಮದುವೆಗೆ ವಾರ ಮೊದಲು ಹಾಕಿದ್ದ, ಅಷ್ಟೇ."

"ವಾರ ಮೊದಲಲ್ಲ. ಮದುವೆಯ ಹಿಂದಿನ ರಾತ್ರಿ."

"ಯಾರು ಹೇಳಿದ್ದು?"

"ಮೀನು."

ಗಣೇಶಮೂರ್ತಿ ಅವಳನ್ನು ಮಿಕಮಿಕ ನೋಡಿದ. ಅವನಂಥವರಿಗೆ ಬಿಡಿಸಿ ಹೇಳಬೇಕಿತ್ತು.

"ಭಾನುವಾರದ ಮದುವೆ ಜೈನರದ್ದು. ನೀರಿನ ಉಸ್ತುವಾರಿ ಪ್ರಭಾವತಮ್ಮನದ್ದು. ಅವರ ಮನೆತನದಲ್ಲಿ ನೀರನ್ನ ದಪ್ಪ ಬಟ್ಟೆ ಎರಡು ಮಡಿಕೆ ಮಾಡಿ ಸೋಸ್ತಾರೆ. ಅದು ನಿಮಗೂ ಗೊತ್ತು. ಸೋಸಿದ ಮೇಲೆ ಬಟ್ಟೇಲಿ ಉಳಿದದ್ದನ್ನ ಏನು ಮಾಡ್ತಾರೆ ಅಂತ ಗೊತ್ತಾ?"

"ಚೆಲ್ತಾರೆ. ಇನ್ನೆಂತ ಮಾಡ್ತಾರೆ?"

"ಚೆಲ್ಲಲ್ಲ. ಅದರಲ್ಲಿ ಜೀವ ಇರ್ತದೆ. ಯಾವ ನೀರಿಂದ ಬಂದಿದ್ದೋ ಅದೇ ನೀರಿಗೆ ತಿರುಗಿ ಬಿಡ್ತಾರೆ. ಮೇಲಿಂದ ಸುರಿದರೆ ಪೆಟ್ಟಾಗ್ತದೆ ಅಂತ ತಂಬಿಗೆಗೆ ಹಗ್ಗ ಕಟ್ಟಿ, ನೀರು ಮುಟ್ಟೋವರೆಗೆ ಇಳಿಸಿ, ಮೆತ್ತಗೆ ಓರೆ ಮಾಡ್ತಾರೆ. ಶನಿವಾರ ಸಂಜೆ ಪ್ರಭಾವತಮ್ಮ ಇಲ್ಲೇ ನಿಂತು ಹಾಗೆ ಬಿಟ್ಟಿದ್ದಾರೆ. ಬಾವಿ ತುಂಬ ಮೀನುಮರಿ ಓಡಾಡ್ತಿದ್ವು ಅಂತ ಹೇಳ್ತಾರೆ. ಭಾನುವಾರ ಬೆಳಿಗ್ಗೆ ನೀರು ಸೇದೋಕೆ ಬಂದ್ರೆ ಎಲ್ಲ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವು."

ಅದನ್ನು ಹೇಳುವಾಗ ನಿನ್ನೆ ಪ್ರಭಾವತಮ್ಮ ಅತ್ತಿದ್ದರು. ತಾನು ಜೋಪಾನವಾಗಿ ಇಳಿಸಿದ ಜೀವಗಳನ್ನು ತನ್ನ ಕೈಯಾರೆ ಸಾವಿಗೆ ಕೊಟ್ಟ ಹಾಗಾಯಿತೆಂದು ತಂಗಿ ಮಗಳ ಮದುವೆಯ ದಿನವೇ ಊಟ ಬಿಟ್ಟಿದ್ದರು. ಶುಭಕಾರ್ಯದಲ್ಲಿ ಸಾವಿನ ಮಾತು ಯಾಕೆಂದು ಯಾರಿಗೂ ಹೇಳಿರಲಿಲ್ಲ. ಮನೆಯವರು ವ್ರತವೆಂದುಕೊಂಡಿದ್ದರು. ಒಬ್ಬ ಮನುಷ್ಯ ಸತ್ತದ್ದಕ್ಕೆ ಊಟ ಬಿಡದ ಊರಿನಲ್ಲಿ ಮೀನುಮರಿಗಳಿಗಾಗಿ ಒಬ್ಬರು ಉಪವಾಸವಿದ್ದರು. ಸುಚಿತ್ರಾಗೆ ಅವರ ಮೇಲೆ ಗೌರವ ಹುಟ್ಟಿತ್ತು, ಗೌರವ ಅವಳಲ್ಲಿ ಅಷ್ಟು ಸಲೀಸಾಗಿ ಹುಟ್ಟುವ ವಸ್ತುವಲ್ಲ.

"ಮೀನು ಸತ್ತದ್ದಕ್ಕೂ ಗುತ್ಯಪ್ಪ ಸತ್ತದ್ದಕ್ಕೂ ಎಂತ ಸಂಬಂಧ?" ಗಣೇಶಮೂರ್ತಿಯ ದನಿ ಸಣ್ಣಗಾಗಿತ್ತು.

"ಗುತ್ಯಪ್ಪ ಮನೆ ಬಿಟ್ಟದ್ದು ಶನಿವಾರ ಸಂಜೆ. ಹೊಳೇಲಿ ಸಿಕ್ಕಾಗ ಬೆನ್ನ ಮೇಲಿನ ಖಾಕಿ ಬೆಳ್ಳಗಾಗಿತ್ತು. ಈಗ ಸಂಬಂಧ ಗೊತ್ತಾಯ್ತಾ, ಇಲ್ಲ ಚಿತ್ರ ಬರೆದು ತೋರಿಸಲಾ?"

ಅವನು ಎದ್ದು ಹಿತ್ತಿಲ ಬಾಗಿಲ ಕಡೆ ನೋಡಿದ. ಮತ್ತೆ ಕೂತ.

"ಬೆಳಗಾಗೋದ್ರೊಳಗೆ ಟ್ಯಾಂಕರ್ ನೀರು ತರಿಸಿದ್ರಿ. ಬಾವಿ ಕೆಟ್ಟಿದೆ ಅಂತ ಪ್ರಭಾವತಮ್ಮ ಹೇಳೋಕೆ ಮೊದಲೇ ಟ್ಯಾಂಕರ್ ಗೇಟಲ್ಲಿ ನಿಂತಿತ್ತಂತೆ. ಕನಸು ಬಿದ್ದಿತ್ತಾ ನಿಮಗೆ?"

"ನಾನು ಕೊಲ್ಲಲಿಲ್ಲ."

"ಮುಂದೆ ಹೇಳಿ."

ಗಣೇಶಮೂರ್ತಿ ಹೆಗಲ ಮೇಲಿನ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. ನಗು ಎಲ್ಲೋ ಹೋಗಿತ್ತು. ಅದಿಲ್ಲದ ಮುಖ ಬಣ್ಣ ಕಳೆದ ಗೋಡೆಯಂತೆ ಕಾಣುತ್ತಿತ್ತು.

"ಆ ದಿನ ಗುತ್ಯಪ್ಪ ಕ್ಯಾನು ಹಿಡ್ಕೊಂಡು ಬಂದ. ಬಾವಿ ನೀರು ಶಿವಮೊಗ್ಗ ಲ್ಯಾಬಿಗೆ ತಗೊಂಡು ಹೋಗ್ತೀನಿ ಅಂದ. ಕಾಮಾಲೆ ಬಂದಿದ್ದು ನನ್ನ ಟ್ಯಾಂಕಿಂದಲ್ಲ, ಹೋದ ತಿಂಗಳು ಇಲ್ಲಿ ಮದುವೆ ಊಟ ಮಾಡಿದೋರಿಗೇ ಮೊದಲು ಬಂದಿದ್ದು, ನಿಮ್ಮ ಕಕ್ಕಸು ಗುಂಡಿ ಬಾವಿ ಪಕ್ಕದಲ್ಲೇ ಇದೆ ಅಂತ ಕೂಗಾಡಿದ. ನೆಂಟರು ಬರೋ ಹೊತ್ತು. ನಂಗೆಂತ ಮಾಡೋದು ಗೊತ್ತಾಗಲಿಲ್ಲ."

"ಏನು ಮಾಡಿದ್ರಿ?"

"ಫೋನ್ ಮಾಡಿದೆ. ಗುಂಡಿ ತೋಡುವಾಗ ಎಲ್ಲ ಸರಿ ಇದೆ ಅಂತ ನೋಡಿ ಹೋದೋರಿಗೇ ಮಾಡಿದೆ. ಅವರು ಬಂದ್ರು. ಇಬ್ಬರನ್ನೂ ಇಲ್ಲೇ ಬಿಟ್ಟು ನಾನು ಒಳಗೆ ಹೋದೆ. ಮಾತಾಡಿ ಸಮಾಧಾನ ಮಾಡ್ತಾರೆ ಅಂತ್ಲೇ ಅಂದ್ಕೊಂಡೆ, ದೇವರಾಣೆ. ವಾಪಸ್ ಬಂದಾಗ ಗುತ್ಯಪ್ಪ ಇರಲಿಲ್ಲ. ಬಾವಿಗೆ ಪೌಡರ್ ಬಿದ್ದಿತ್ತು. ನಾಳೆ ನೀರು ಟ್ಯಾಂಕರಲ್ಲಿ ತರಿಸಿ, ಇದನ್ನ ಮುಟ್ಟಬೇಡಿ ಅಂದ್ರು. ಯಾಕೆ ಅಂತ ನಾನು ಕೇಳಲಿಲ್ಲ."

"ಕೇಳಲಿಲ್ಲ," ಎಂದಳು ಸುಚಿತ್ರಾ. ಕೇಳದೇ ಇರುವುದೇ ಈ ಊರಿನ ದೊಡ್ಡ ಕಸುಬು. ಎಂಥ ಹೇಸಿಗೆಯಾದರೂ ಸರಿ, ಮೇಲೊಂದು ಮುಚ್ಚಳ ಬಿದ್ದರೆ ಸಾಕು. "ಯಾರು ಅವರು? ಹೇರಂಬ ಸಾಹೇಬರಾ?"

ಗಣೇಶಮೂರ್ತಿ ತಲೆ ಎತ್ತಿದ. ಇಷ್ಟು ಹೊತ್ತು ಬೈಸಿಕೊಂಡವನ ಕಣ್ಣಿನಲ್ಲಿ ಮೊದಲ ಸಲ ಒಂದು ತಾತ್ಸಾರ ಮೂಡಿತು.

"ಹೇರಂಬ ಸಾಹೇಬ್ರಾ? ಅವರಿಗೆ ಪೌಡರ್ ಡಬ್ಬಿ ಮುಚ್ಚಳ ತೆಗ್ಯೋಕೂ ಬರಲ್ಲ ಮೇಡಂ. ಗೋದಾಮಿಂದು ಸತ್ತ ಪುಡಿ ಅಂತ ಈಗ ನನ್ನ ಕಣ್ಣೆದುರೇ ತೋರಿಸಿದ್ರಿ. ಜೀವ ಇರೋ ಪುಡಿ ಊರಲ್ಲಿ ಎಲ್ಲಿದೆ ಅಂತ ಹೋದ ತಿಂಗಳ ಸಭೇಲಿ ಎದೆ ತಟ್ಟಿ ಹೇಳಿದ್ದೂ ನೀವೇ."

ಹೌದು, ಹೇಳಿದ್ದಳು.

ಕಾಮಾಲೆ ಶುರುವಾದಾಗ ಜಗಳವಾಡಿ ತರಿಸಿಕೊಂಡಿದ್ದ ಹೊಸ ಡ್ರಮ್ಮು. ಗೋದಾಮಿನಲ್ಲಿಟ್ಟರೆ ಇದನ್ನೂ ಕೊಲ್ಲುತ್ತೀರಿ ಎಂದು ಸದಸ್ಯರನ್ನೆಲ್ಲ ಹೀಯಾಳಿಸಿ, ಹಳೇ ಗ್ರಂಥಾಲಯದ ಕೋಣೆಯಲ್ಲಿಟ್ಟು ಬೀಗ ಹಾಕಿಸಿದ್ದಳು. ಬೀಗದ ಕೈ ಹೇರಂಬನಿಗೂ ಕೊಟ್ಟಿರಲಿಲ್ಲ. ಎರಡೇ ಬೀಗದ ಕೈಗಳಿದ್ದವು. ಒಂದು ಈಗಲೂ ಅವಳ ಕೈಚೀಲದಲ್ಲಿತ್ತು.

ಇನ್ನೊಂದನ್ನು ಯಾರಿಗೆ ಕೊಟ್ಟಿದ್ದಳೆಂದು ನೆನಪಿಸಿಕೊಳ್ಳಬೇಕಾಗಿರಲಿಲ್ಲ. ಹೊಸ ಚೌಕಳಿ ಅಂಗಿ. ಒಗೆಯಲು ಹಾಕಿದ ಖಾಕಿ. ಪೆಟ್ಟಿಗೆಯಲ್ಲಿ ಕಾಣದೇ ಹೋದ ಬಾಟಲಿ.

ಬಾವಿಕಟ್ಟೆಗೆ ಕೈಯೂರಿ ನಿಂತಳು. ಕೆಲಸಗಳ್ಳನೊಬ್ಬ ಕೊಂದಿದ್ದರೆ ಗೋದಾಮಿನ ಸುಣ್ಣ ಎರಚಿ ಹೋಗುತ್ತಿದ್ದ, ಮೀನು ಸಾಯುತ್ತಿರಲಿಲ್ಲ, ಖಾಕಿ ಬೆಳ್ಳಗಾಗುತ್ತಿರಲಿಲ್ಲ, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಬಾವಿಗೆ ರಕ್ತ ಬಿದ್ದಿದೆ, ಈ ನೀರು ಯಾರ ಬಾಯಿಗೂ ಹೋಗಬಾರದು ಎಂದು ಕೊಲೆಯ ಮಧ್ಯೆಯೂ ಯೋಚಿಸಿ, ಅದಕ್ಕೆಂದೇ ಕೋಣೆಯ ಬೀಗ ತೆಗೆದು ಒಳ್ಳೆಯ ಪುಡಿಯನ್ನೇ ತಂದು ಸುರಿದು, ಆಮೇಲೆ ಹೆಣವನ್ನು ಬಾವಿಯಿಂದ ಎತ್ತಿ ಹೊಳೆಗೆ ಸಾಗಿಸಿದವನು ಆ ಕಚೇರಿಯಲ್ಲಿ ಒಬ್ಬನೇ ಇದ್ದ. ಹೊಲಸು ಕಂಡಲ್ಲಿ ಪೌಡರ್ ಹಾಕಿ ಹಾಕಿ ಹಣ್ಣಾದ ಕೈ.

ಅಂಥವನ ಕೈಗೆ ತನ್ನ ಏಕೈಕ ಸಾಕ್ಷಿಯನ್ನು ಅವಳೇ ಒಪ್ಪಿಸಿ ಕಳಿಸಿದ್ದಳು. ಊರನ್ನೆಲ್ಲ ಕಾಲಕಸವೆಂದು ಕಂಡವಳು, ಒಬ್ಬನನ್ನು ನಂಬಿದ್ದಳು. ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಪ್ರಭಾವತಮ್ಮನ ನಂಬರು ಒತ್ತಿದಳು. ಫೋನು ಬಹಳ ಹೊತ್ತು ಹೊಡೆದುಕೊಂಡಿತು.

"ಹಾಂ, ಸುಚಿತ್ರಾ? ಜೋರಾಗಿ ಮಾತಾಡಮ್ಮ, ನನಗೆ ಕಿವಿ ಸ್ವಲ್ಪ ಮಂದ. ಸ್ಪೀಕರ್ ಹಾಕಿದೀನಿ."

"ಅಮ್ಮ, ಎಲ್ಲಿದ್ದೀರಿ?"

"ಜೀಪಲ್ಲೇ ಇದೀವಿ. ಇದೇನು ಮಾಸ್ತಿಕಟ್ಟೆ ದಾರಿ ಹಿಡಿದ್ರಿ, ಹೊಸನಗರ ಆ ಕಡೆ ಅಲ್ವಾ ಅಂತ ಕೇಳ್ದೆ. ರಸ್ತೆ ಕೆಲಸ ನಡೀತಿದೆ, ಸುತ್ತು ಹಾಕಿ ಹೋಗ್ಬೇಕು ಅಂದ್ರು ಜಯಪ್ಪ. ಕಾಡು ದಾರಿ, ಗಾಳಿ ತಂಪಾಗಿದೆ."

ಸುಚಿತ್ರಾ ಏನು ಹೇಳಿದರೂ ಪಕ್ಕದಲ್ಲಿ ಕೂತವನ ಕಿವಿಗೂ ಬೀಳುತ್ತಿತ್ತು.

"ಮೇಡಂ," ಎಂಬ ದನಿ ಬಂತು. ಅದೇ ತಗ್ಗಿದ, ವಿನಯದ ದನಿ. "ನಾನು ಜಯಪ್ಪ. ಬಾವಿ ನೀರು ನೋಡಿದ್ರಾ? ಬಣ್ಣ ಎಂತ ಬಂತು?"

"ಎಲ್ಲಿಂದ ನೋಡೋದು ಜಯಪ್ಪ?" ಎಂದಳು. ದನಿ ಒಡೆಯದಂತೆ ಬಾವಿಯ ಕಲ್ಲನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. "ಪೆಟ್ಟಿಗೇಲಿ ಔಷಧಿ ಇರಲಿಲ್ಲವಲ್ಲ. ನೀವು ಅಮ್ಮನ್ನ ಅಲ್ಲೇ ಮಾಸ್ತಿಕಟ್ಟೆ ಪೇಟೇಲಿ ಇಳಿಸಿ ವಾಪಸ್ ಬನ್ನಿ. ಸ್ಟೇಷನ್ ಕೆಲಸ ನಾಳೆಗಾಯ್ತು."

ಆ ಕಡೆ ಜೀಪು ನಿಂತ ಸದ್ದಾಯಿತು. ಇಂಜಿನ್ ಆರಿತು.

"ನಿಮ್ಮ ಕೈಚೀಲದ ಒಳಜೇಬಲ್ಲಿ ಇನ್ನೊಂದು ಬಾಟ್ಲಿ ಇರ್ತದಲ್ಲ ಮೇಡಂ," ಎಂದ ಜಯಪ್ಪ. "ಯಾವಾಗ್ಲೂ ಒಂದು ಇಟ್ಕಳಿ ಅಂತ ನಿಮಗೆ ಹೇಳಿಕೊಟ್ಟೋನೇ ನಾನು."

"ಜಯಪ್ಪಾ, ಇಲ್ಲಿ ಯಾಕೆ ನಿಲ್ಲಿಸಿದ್ರಿ?" ಎಂದು ಪ್ರಭಾವತಮ್ಮ ಕೇಳುತ್ತಿದ್ದುದು ಕೇಳಿಸಿತು. ಆಮೇಲೆ ಫೋನಿನಲ್ಲಿ ಯಾವ ಸದ್ದೂ ಇರಲಿಲ್ಲ.